ಸೊನ್ನೆ ಎಂದು ಬರೆದ ಚೌಕಕ್ಕೆ ಹಣ ಕೊಡುವವರು

ಕಳೆದ ಜನವರಿಯ ಒಂದು ಭಾನುವಾರ ಬೆಳಗಿನ ಆರೂವರೆಗೆ ನಾನೂ ನನ್ನ ಇಬ್ಬರು ಜೊತೆಗಾರರೂ ಮೈಸೂರಿನಿಂದ ಸುಮಾರು ನಲವತ್ತು ಕಿಲೋಮೀಟರ್ ದೂರದ ಒಂದು ಕೆರೆಯ ಏರಿಯ ಮೇಲೆ ನಿಂತಿದ್ದೆವು. ಕೆರೆಯಲ್ಲಿ ನೀರಿರಲಿಲ್ಲ. ತೂಬಿನ ಬಳಿ ಮೊಣಕಾಲುದ್ದದ ಒಂದು ಕೆಸರುಗುಂಡಿ, ಅದರ ಅಂಚಿನಲ್ಲಿ ನಾಲ್ಕು ಬೆಳ್ಳಕ್ಕಿ, ಬಿರುಕುಬಿಟ್ಟ ಅಂಗಳದಲ್ಲಿ ಎರಡು ಟಿಟ್ಟಿಭ, ಜಾಲಿಯ ಮೇಲೆ ಒಂದು ಕಾಜಾಣ. ಎರಡು ಗಂಟೆ ನಡೆದು, ಕಂಡದ್ದನ್ನೆಲ್ಲ ಬರೆದುಕೊಂಡು, ಕೊನೆಗೆ ಎಣಿಸಿದಾಗ ಪಟ್ಟಿಯಲ್ಲಿ ಹನ್ನೊಂದು ಜಾತಿಯ ಹಕ್ಕಿಗಳಿದ್ದವು. ಹಿಂದಿನ ವರ್ಷ ಅದೇ ತಿಂಗಳಲ್ಲಿ, ಅದೇ ಏರಿಯ ಮೇಲಿನಿಂದ, ಎಪ್ಪತ್ತಕ್ಕೂ ಹೆಚ್ಚು ಜಾತಿಗಳನ್ನು ಬರೆದಿದ್ದೆವು.

ಆ ಸಂಜೆ ನಮ್ಮ ಭಾವನವರು ಫೋನ್ ಮಾಡಿದರು. ನಮ್ಮ ಗಣತಿಯ ಖರ್ಚಿಗೆ ಅವರು ಜಾತಿಯೊಂದಕ್ಕೆ 20 ರೂಪಾಯಿಯಂತೆ ಕೊಡುವುದಾಗಿ ಮಾತುಕೊಟ್ಟಿದ್ದರು. ಹನ್ನೊಂದು ಎಂದು ತಿಳಿದೊಡನೆ 220 ರೂಪಾಯಿ ಕಳುಹಿಸಿ, "ಹೋಗ್ಲಿ ಬಿಡಪ್ಪ, ಮುಂದಿನ ವರ್ಷ ಜಾಸ್ತಿ ಬರ್ತವೆ" ಎಂದು ನನ್ನನ್ನು ಸಮಾಧಾನಪಡಿಸಿದರು. ಪರೀಕ್ಷೆಯಲ್ಲಿ ಕಡಿಮೆ ಅಂಕ ತೆಗೆದ ಹುಡುಗನನ್ನು ಸಂತೈಸುವ ಧ್ವನಿ ಅದು. ಅವರದೇನೂ ತಪ್ಪಿಲ್ಲ, ಹಾಗೆ ಲೆಕ್ಕ ಹಾಕುವಂತೆ ಅವರಿಗೆ ಹೇಳಿಕೊಟ್ಟವನು ನಾನೇ. ಮೂವತ್ತೆರಡು ವರ್ಷ ಪರರ ಲೆಕ್ಕಪತ್ರಗಳನ್ನು ಪರಿಶೀಲಿಸಿ ನಿವೃತ್ತನಾದ ನನಗೆ, ನಮ್ಮದೇ ಲೆಕ್ಕದ ಪದ್ಧತಿಯಲ್ಲಿ ಇಂಥ ದೊಡ್ಡ ದೋಷವಿರುವುದು ಆ ಸಂಜೆಯವರೆಗೆ ಹೊಳೆದಿರಲಿಲ್ಲ.

ಈ ಪದ್ಧತಿಯನ್ನು ನಾನು ಎರವಲು ಪಡೆದದ್ದು ಕೆನಡಾದಿಂದ. ಅಲ್ಲಿನ ಒಂಟಾರಿಯೊ ಪ್ರಾಂತ್ಯದ ಲಾಂಗ್ ಪಾಯಿಂಟ್ ಪಕ್ಷಿ ವೀಕ್ಷಣಾಲಯದವರು 1976ರಲ್ಲಿ 'ಬರ್ಡಥಾನ್' ಎಂಬ ಕ್ರಮವನ್ನು ಆರಂಭಿಸಿದರು. ಮೇ ತಿಂಗಳಲ್ಲಿ ವಲಸೆಯ ಹಕ್ಕಿಗಳು ಉತ್ತರಕ್ಕೆ ಮರಳುವ ಹೊತ್ತಿಗೆ ಹಕ್ಕಿ ನೋಡುವವನು ಇಪ್ಪತ್ತನಾಲ್ಕು ಗಂಟೆಗಳ ಒಂದು ಅವಧಿಯನ್ನು ಆರಿಸಿಕೊಳ್ಳುತ್ತಾನೆ. ಅವನ ನೆಂಟರು, ನೆರೆಯವರು, ಕಚೇರಿಯ ಸಹೋದ್ಯೋಗಿಗಳು ಅವನು ಕಾಣುವ ಪ್ರತಿಯೊಂದು ಜಾತಿಗೂ ಇಂತಿಷ್ಟು ಎಂದು ಮೊದಲೇ ಒಪ್ಪಿಕೊಂಡು, ಅವನು ಪಟ್ಟಿಯನ್ನು ಒಪ್ಪಿಸಿದ ಮೇಲೆ ಹಣ ಸಲ್ಲಿಸುತ್ತಾರೆ. ಹೀಗೆ ಕೂಡಿದ ಹಣ ಹಕ್ಕಿಗಳ ಅಧ್ಯಯನಕ್ಕೂ ಸಂರಕ್ಷಣೆಗೂ ಹೋಗುತ್ತದೆ. ಸುಮಾರು ಅರ್ಧ ಶತಮಾನ ಬಾಳಿದ ಕ್ರಮವಾದ್ದರಿಂದ ಅದರಲ್ಲಿ ಹುರುಳಿದೆ ಎನ್ನುವುದನ್ನು ಒಪ್ಪಲೇಬೇಕು. ಗಣಪತಿ ಹಬ್ಬಕ್ಕೂ ರಾಜ್ಯೋತ್ಸವಕ್ಕೂ ಮನೆಮನೆಗೆ ಹೋಗಿ ವಂತಿಗೆ ಎತ್ತಿ ಅಭ್ಯಾಸವಿರುವ ನಮ್ಮವರಿಗೆ ಇದನ್ನು ವಿವರಿಸುವುದೂ ಕಷ್ಟವಾಗಲಿಲ್ಲ. ಆದರೆ ಇಂಥ ದಿನ ಹಣವೆತ್ತುವುದಕ್ಕಾಗಿ ನಡೆಯುವ ಹಬ್ಬವೇ ಹೊರತು ಸಮೀಕ್ಷೆಯಲ್ಲ. ಆ ದಿನ ಹೊರಟವನು ಹಕ್ಕಿಗಳು ಹೆಚ್ಚಿರುವ ಜಾಗಕ್ಕೇ ಹೋಗುತ್ತಾನೆ, ಹೋಗಲೂಬೇಕು. ಬೆಂಗಳೂರಿನಲ್ಲಿಯೂ ಬ್ಯಾಂಕೊಂದರ ಪ್ರಾಯೋಜಕತ್ವದಲ್ಲಿ ಇಂಥ ಪಂದ್ಯಗಳು ನಡೆದಿವೆ. ಅವುಗಳಿಂದ ನೂರಾರು ಯುವಕರು ದುರ್ಬೀನು ಹಿಡಿಯುವುದನ್ನು ಕಲಿತರು. ಸಮೀಕ್ಷೆಯ ಕೆಲಸವೇ ಬೇರೆ. ಅದರಲ್ಲಿ ಒಣಗಿದ ಕೆರೆಗೂ ಹೋಗಬೇಕು, ತುಂಬಿದ ಕೆರೆಗೆ ಕೊಟ್ಟಷ್ಟೇ ಹೊತ್ತನ್ನು ಅದಕ್ಕೂ ಕೊಡಬೇಕು, ಮತ್ತು 'ಇಲ್ಲ' ಎನ್ನುವುದನ್ನೂ 'ಇದೆ' ಎನ್ನುವಷ್ಟೇ ಶ್ರದ್ಧೆಯಿಂದ ಬರೆಯಬೇಕು. ಜಾತಿಯ ಲೆಕ್ಕದಲ್ಲಿ ಹಣ ಕೊಡುವ ಪದ್ಧತಿ ಆ 'ಇಲ್ಲ'ಕ್ಕೆ ಏನನ್ನೂ ಕೊಡುವುದಿಲ್ಲ.

ಹಕ್ಕಿಗಳ ಸಮೀಕ್ಷೆಗೆ ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ನಮ್ಮ ಊರಿಗೆ ಹೊಸದಲ್ಲ. 1930ರ ದಶಕದಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರು ಕೈಯಲ್ಲಿ ನೌಕರಿಯಿಲ್ಲದೆ, ದೇಶೀಯ ಸಂಸ್ಥಾನಗಳ ಮುಂದೆ ಒಂದು ಪ್ರಸ್ತಾಪವನ್ನು ಇಟ್ಟರು: ಪ್ರಯಾಣ, ಶಿಬಿರ, ಸಹಾಯಕರ ಖರ್ಚನ್ನು ಸಂಸ್ಥಾನ ವಹಿಸಿಕೊಂಡರೆ, ತಾವು ಸಂಬಳವಿಲ್ಲದೆ ಅಲ್ಲಿನ ಹಕ್ಕಿಗಳ ಸಮೀಕ್ಷೆಯನ್ನು ಮಾಡಿಕೊಡುವುದಾಗಿ. ಹೈದರಾಬಾದು ಒಪ್ಪಿತು, ತಿರುವಾಂಕೂರು ಮತ್ತು ಕೊಚ್ಚಿ ಒಪ್ಪಿದವು, ಮೈಸೂರೂ ಒಪ್ಪಿತು. ಮೈಸೂರಿನ ಸಮೀಕ್ಷೆ ನಡೆದದ್ದು 1939-40ರಲ್ಲಿ. ಮೊದಲಿನ ಶಿಬಿರಗಳಲ್ಲೆಲ್ಲ ಜೊತೆಗಿದ್ದ ಪತ್ನಿ ತೆಹ್ಮಿನಾ ಅವರನ್ನು ಸಲೀಂ ಅಲಿ ಕಳೆದುಕೊಂಡದ್ದು 1939ರಲ್ಲಿ. ಆ ದುಃಖದ ಬೆನ್ನಿಗೇ ಅವರು ನಮ್ಮ ಸಂಸ್ಥಾನದ ಕಾಡುಗಳಲ್ಲಿ ಗುಡಾರ ಹಾಕಿದರು. ಸಮೀಕ್ಷೆಯ ವರದಿ ಮುಂದೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಗಳಾಗಿ ಪ್ರಕಟವಾಯಿತು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುತ್ತಿದ್ದುದನ್ನು ಕಂಡು, ಆ ಜಾಗವನ್ನು ಕಾಯ್ದುಕೊಳ್ಳಬೇಕೆಂದು ಅವರು ಒಡೆಯರಿಗೆ ಸಲಹೆ ನೀಡಿದ್ದರಿಂದ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು. ಒಂದು ಸಂಸ್ಥಾನದ ಬೊಕ್ಕಸ ಒಬ್ಬ ಮನುಷ್ಯನ ಬಂಡಿ ಬಾಡಿಗೆಯನ್ನೂ ಅಡುಗೆಯವನ ಕೂಲಿಯನ್ನೂ ಭರಿಸಿದ ವರ್ಷಗಳಲ್ಲೇ ನಮಗೆ ದಕ್ಕಿದ್ದು ಇದು. ಇದಕ್ಕಿಂತ ಅಗ್ಗದಲ್ಲಿ ಮೈಸೂರು ಅರಸರು ಮತ್ತೇನನ್ನಾದರೂ ಕೊಂಡದ್ದು ನನಗೆ ತೋರುವುದಿಲ್ಲ.

ಅರಸೊತ್ತಿಗೆ ಹೋದ ಮೇಲೆ ಬಂದ ಹಣದ ಕತೆ ಇಷ್ಟು ಸುಲಭದ್ದಲ್ಲ, ಮತ್ತು ಅದೂ ಕರ್ನಾಟಕದಿಂದಲೇ ಆರಂಭವಾಗುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರೂ ಜ್ವರಕ್ಕೆ ಬಲಿಯಾದರು. ಈಗ ಮಲೆನಾಡಿನಲ್ಲಿ ಮಂಗನ ಕಾಯಿಲೆ ಎಂದು ಎಲ್ಲರೂ ಹೆದರುವ ರೋಗ ಅದು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ರೋಗಾಣುವನ್ನು ಗುರುತಿಸಿದಾಗ ಅದು ರಷ್ಯಾದಲ್ಲಿ ರಕ್ತ ಹೀರುವ ಉಣ್ಣೆಹುಳುಗಳಿಂದ ಹರಡುವ ಮಿದುಳಿನ ಉರಿಯೂತದ ವೈರಸ್ಸಿಗೆ ಹತ್ತಿರದ ಸಂಬಂಧಿಯೆಂದು ಕಂಡಿತು. ಹಾಗಾದರೆ ಉತ್ತರದಿಂದ ವಲಸೆ ಬರುವ ಹಕ್ಕಿಗಳ ಮೈಗೆ ಅಂಟಿಕೊಂಡ ಉಣ್ಣೆಗಳು ಇದನ್ನು ಹೊತ್ತು ತಂದಿರಬಹುದೇ ಎಂಬ ಶಂಕೆ ಹುಟ್ಟಿತು. ಈ ಶಂಕೆಯ ಬಲದಿಂದಲೇ 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವು ದೊರೆತು, ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕಾರ್ಯ ದೊಡ್ಡ ಪ್ರಮಾಣದಲ್ಲಿ ಆರಂಭವಾಯಿತು. 1960ರ ದಶಕದಲ್ಲಿ ಅದಕ್ಕೆ ಅಮೆರಿಕದ ಸೇನೆಯ ವೈದ್ಯಕೀಯ ಸಂಶೋಧನಾ ವಿಭಾಗದ ಹಣ ಸೇರಿತು. ಮುಂದಿನ ದಶಕದಲ್ಲಿ, ಹಕ್ಕಿಗಳ ಹೆಸರಿನಲ್ಲಿ ಜೈವಿಕ ಯುದ್ಧದ ಮಾಹಿತಿ ಸಂಗ್ರಹವಾಗುತ್ತಿದೆಯೆಂಬ ಆರೋಪ ಎದ್ದು, ವಿಷಯ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯವರೆಗೆ ಹೋಯಿತು.

ಉಂಗುರ ತೊಡಿಸಿದವರ ಪ್ರಾಮಾಣಿಕತೆಯ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಹಕ್ಕಿ ಎಲ್ಲಿಂದ ಎಲ್ಲಿಗೆ ಹಾರಿತೆಂಬ ಮಾಹಿತಿ ಇಂದಿಗೂ ಬೆಲೆಯುಳ್ಳದ್ದು. ಆದರೂ ಲೆಕ್ಕಿಗನ ಕಣ್ಣಿಗೆ ಒಂದು ವಿಷಯ ಕಾಣುತ್ತದೆ. ಹಣ ಕೊಟ್ಟವನಿಗೆ ಬೇಕಾಗಿದ್ದದ್ದು ಉಣ್ಣೆ ಮತ್ತು ವೈರಸ್, ಹಣ ಪಡೆದವನಿಗೆ ಬೇಕಾಗಿದ್ದದ್ದು ಹಕ್ಕಿ. ಎರಡೂ ಒಂದೇ ದಾರಿಯಲ್ಲಿ ಸಾಗುವವರೆಗೆ ಕೆಲಸ ನಡೆಯಿತು. ಇಂಥ ಸಂದರ್ಭದಲ್ಲಿ ಸಂಶೋಧಕ ಎಷ್ಟೇ ಶುದ್ಧನಾಗಿದ್ದರೂ ಅವನ ಕಡತದ ಮೇಲೆ ಬೇರೊಬ್ಬನ ನೆರಳು ಬೀಳುತ್ತದೆ. ಸಾವಿರ ಜನ ನೂರು ನೂರು ರೂಪಾಯಿ ಕೊಟ್ಟ ಕೆಲಸದ ಮೇಲೆ ಯಾರ ನೆರಳೂ ಹಾಗೆ ಬೀಳುವುದಿಲ್ಲವೆಂಬುದು ಸಾರ್ವಜನಿಕ ವಂತಿಗೆಯ ಮೊದಲ ಗುಣ.

ಈ ವಂತಿಗೆಯ ವಿದ್ಯೆಯಲ್ಲಿ ಬ್ರಿಟನ್ನಿನವರು ಪಳಗಿದವರು. ಅಲ್ಲಿ 1928ರಲ್ಲಿ ಮ್ಯಾಕ್ಸ್ ನಿಕೋಲ್ಸನ್ ಎಂಬ ಯುವಕ ದೇಶದ ಬೂದು ಬಕಗಳ ಗೂಡುಗಳನ್ನು ಸ್ವಯಂಸೇವಕರಿಂದ ಎಣಿಸಿದ. ಆ ಗಣತಿ ಇಂದಿಗೂ ಮುಂದುವರಿದಿದೆ. ಅದೇ ಹುರುಪಿನಲ್ಲಿ 1930ರ ದಶಕದ ಆರಂಭದಲ್ಲಿ ಬ್ರಿಟಿಷ್ ಟ್ರಸ್ಟ್ ಫಾರ್ ಆರ್ನಿಥಾಲಜಿ ಹುಟ್ಟಿತು. ಈ ಸಂಸ್ಥೆ ತನ್ನ ಸಹಭಾಗಿಗಳೊಡನೆ 2007ರಿಂದ 2011ರವರೆಗೆ ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಯಾವ ಹಕ್ಕಿ ಎಲ್ಲಿದೆಯೆಂದು ತೋರಿಸುವ ನಕಾಶೆಯನ್ನು ಸಿದ್ಧಪಡಿಸಲು ಹೊರಟಾಗ 40,000ಕ್ಕೂ ಹೆಚ್ಚು ಜನ ಹೊಲ, ಗುಡ್ಡ, ದ್ವೀಪಗಳನ್ನು ಸುತ್ತಿ ಸುಮಾರು 1.9 ಕೋಟಿ ದಾಖಲೆಗಳನ್ನು ಕಲೆಹಾಕಿದರು. ಅವರು ಕೂಲಿ ಕೇಳಲಿಲ್ಲ. ಆದರೆ ಅಷ್ಟು ದಾಖಲೆಗಳನ್ನು ತಾಳೆ ನೋಡುವುದು, ತಪ್ಪು ತಿದ್ದುವುದು, ನಕ್ಷೆ ಬರೆಯುವುದು, ಅಚ್ಚು ಹಾಕುವುದು ಕೂಲಿಯಿಲ್ಲದೆ ಆಗುವ ಕೆಲಸಗಳಲ್ಲ. ಅದಕ್ಕಾಗಿ ಅವರು ಕಂಡುಕೊಂಡ ಉಪಾಯಗಳಲ್ಲಿ ಒಂದು, ಹಕ್ಕಿಯ ಒಂದೊಂದು ಜಾತಿಯನ್ನೂ ಒಬ್ಬೊಬ್ಬರ ಪ್ರಾಯೋಜಕತ್ವಕ್ಕೆ ಒಪ್ಪಿಸುವುದು. ದೇವಸ್ಥಾನದ ಮೆಟ್ಟಿಲಿನ ಮೇಲೂ ಶಾಲೆಯ ಬೆಂಚಿನ ಮೇಲೂ ದಾನಿಯ ಹೆಸರು ಕೆತ್ತಿಸುವ ನಮ್ಮ ಕ್ರಮಕ್ಕಿಂತ ಇದೇನೂ ಬೇರೆಯಲ್ಲ. ಮೆಟ್ಟಿಲಿನ ಜಾಗದಲ್ಲಿ ಹಕ್ಕಿಯಿದೆ, ಅಷ್ಟೆ.

ಅದಕ್ಕಿಂತಲೂ ಜನಪ್ರಿಯವಾದದ್ದು ಕೋಗಿಲೆಯ ಬಳಗದ ಕುಕೂ ಹಕ್ಕಿಗಳ ಬಗೆಗಿನ ಅವರ ಯೋಜನೆ. ನಾಲ್ಕು ದಶಕಗಳಲ್ಲಿ ಬ್ರಿಟನ್ನಿನ ಕುಕೂಗಳು ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗಿದ್ದವು, ಕಾರಣ ಗೊತ್ತಿರಲಿಲ್ಲ. 2011ರಲ್ಲಿ ಐದು ಗಂಡು ಕುಕೂಗಳ ಬೆನ್ನಿಗೆ ಉಪಗ್ರಹಕ್ಕೆ ಸಂಕೇತ ಕಳುಹಿಸುವ ಪುಟ್ಟ ಸಾಧನವನ್ನು ಕಟ್ಟಿ, ಅವುಗಳಿಗೆ ಕ್ರಿಸ್, ಮಾರ್ಟಿನ್, ಕ್ಲೆಮೆಂಟ್, ಲೈಸ್ಟರ್, ಕ್ಯಾಸ್ಪರ್ ಎಂದು ಹೆಸರಿಟ್ಟು, ಯಾರು ಬೇಕಾದರೂ ಸಣ್ಣ ಮೊತ್ತ ಕೊಟ್ಟು ತಮಗಿಷ್ಟವಾದ ಹಕ್ಕಿಯ ಪ್ರಾಯೋಜಕರಾಗಬಹುದೆಂದರು. ಜನ ಮುಗಿಬಿದ್ದರು. ಕಾಂಗೋದ ಮಳೆಕಾಡಿನಲ್ಲಿ 'ತಮ್ಮ' ಹಕ್ಕಿ ಇಂದು ಎಲ್ಲಿದೆಯೆಂದು ಬೆಳಿಗ್ಗೆ ಎದ್ದು ನಕಾಶೆ ನೋಡುವುದು ಅವರ ದಿನಚರಿಯಾಯಿತು. ಹೀಗೆ ಕೂಡಿದ ಮಾಹಿತಿಯಿಂದ ತಿಳಿದದ್ದೇನೆಂದರೆ, ಈ ಹಕ್ಕಿಗಳು ಆಫ್ರಿಕಾಕ್ಕೆ ಹೋಗಲು ಎರಡು ದಾರಿಗಳನ್ನು ಹಿಡಿಯುತ್ತವೆ, ಮತ್ತು ಇಟಲಿಯ ಕಡೆಯಿಂದ ಹೋಗುವವುಗಳಿಗಿಂತ ಸ್ಪೇನಿನ ಮೂಲಕ ಹೋಗುವವು ಸಹರಾ ದಾಟಿ ಮುಗಿಸುವ ಮುನ್ನವೇ ಹೆಚ್ಚಾಗಿ ಸಾಯುತ್ತವೆ. ಸ್ಪೇನಿನ ದಾರಿಯ ಹಕ್ಕಿಗಳೇ ಹೆಚ್ಚಿರುವ ಪ್ರದೇಶಗಳಲ್ಲಿ ಕುಕೂಗಳ ಕುಸಿತವೂ ಹೆಚ್ಚು. ಒಂದು ದೇಶದ ಹಕ್ಕಿಯ ಅಳಿವಿಗೆ ಇನ್ನೊಂದು ದೇಶದ ಬರಗಾಲ ಕಾರಣವಾಗಿರಬಹುದೆಂಬ ಈ ತಿಳಿವಳಿಕೆಯ ಹಿಂದೆ ಸಾಮಾನ್ಯ ಜನರ ಹತ್ತಿಪ್ಪತ್ತು ಪೌಂಡುಗಳಿವೆ.

ಇಷ್ಟನ್ನು ಮೆಚ್ಚಿಯೂ ನನ್ನ ತಕರಾರನ್ನು ಹೇಳಬೇಕು. ಹೆಸರಿಟ್ಟ ಕುಕೂವಿಗೆ ಹಣ ಬರುತ್ತದೆ, ಕೊಳಗಳಲ್ಲಿ ಮಿಂಚುವ ಮಿಂಚುಳ್ಳಿಗೂ ಗೂಬೆಗೂ ಬರುತ್ತದೆ. ಉತ್ತ ಹೊಲದಲ್ಲಿ ಮಣ್ಣಿನ ಬಣ್ಣದಲ್ಲೇ ಮರೆಯಾಗಿ ಓಡುವ ನೆಲಗುಬ್ಬಿಗೆ ಯಾರು ಕೊಡುತ್ತಾರೆ? ಬ್ರಿಟನ್ನಿನಲ್ಲಿಯೇ 1994ರಿಂದ ನಡೆಯುತ್ತಿರುವ ಸಂತಾನೋತ್ಪತ್ತಿ ಕಾಲದ ಗಣತಿಯಲ್ಲಿ ಸ್ವಯಂಸೇವಕ ಎಲ್ಲಿಗೆ ಹೋಗಬೇಕೆಂಬುದನ್ನು ಅವನ ಇಚ್ಛೆಗೆ ಬಿಡುವುದಿಲ್ಲ. ಒಂದು ಕಿಲೋಮೀಟರ್ ಅಳತೆಯ ಚೌಕಗಳನ್ನು ಯಾದೃಚ್ಛಿಕವಾಗಿ ಆರಿಸಿ ಹಂಚಲಾಗುತ್ತದೆ. ಪಾಲಿಗೆ ಬಂದದ್ದು ಬೀಟ್‌ರೂಟಿನ ಹೊಲವಾದರೂ ವಸತಿ ಬಡಾವಣೆಯಾದರೂ ಅಲ್ಲಿಯೇ ಒಂದು ಋತುವಿನಲ್ಲಿ ಎರಡು ಸಲ ನಡೆದು ಎಣಿಸಬೇಕು. 1970ರಿಂದ ಈಚೆಗೆ ಕೃಷಿಭೂಮಿಯ ಹಕ್ಕಿಗಳ ಸೂಚ್ಯಂಕ ಅರ್ಧಕ್ಕಿಂತ ಕೆಳಗೆ ಇಳಿದಿದೆಯೆಂಬ ಸಂಗತಿ 1994ರಿಂದೀಚೆಗೆ ನಿಂತಿರುವುದು ಇಂಥ ನೀರಸ ಚೌಕಗಳ ಲೆಕ್ಕದ ಮೇಲೆ, ಸುಂದರವಾದ ಜೌಗುಭೂಮಿಗಳ ಮೇಲಲ್ಲ. ಆದರೆ ಆ ಗಣತಿಯ ಆಧಾರ ಜನರ ದೇಣಿಗೆಯೊಂದೇ ಅಲ್ಲ. ಸರ್ಕಾರದ ನಿಸರ್ಗ ಸಲಹಾ ಮಂಡಳಿಯೂ ದೊಡ್ಡ ಪಕ್ಷಿ ಸಂರಕ್ಷಣಾ ಸಂಸ್ಥೆಯೊಂದೂ ಅದರ ಪಾಲುದಾರರು. ಯಾರ ಮನಸ್ಸನ್ನೂ ಸೆಳೆಯದ ಚೌಕಕ್ಕೆ ಅಂಥ ಗಟ್ಟಿ ಆಸರೆ ಬೇಕು.

'ಏನೂ ಆಗಿಲ್ಲ' ಎನ್ನುವ ಕಾಲದಲ್ಲಿ ಎಣಿಸಿಟ್ಟುಕೊಳ್ಳುವುದರ ಬೆಲೆ ಎಷ್ಟೆಂದು ನಮ್ಮ ದೇಶ ಕಲಿತದ್ದು ರಣಹದ್ದುಗಳಿಂದ. 1990ರ ದಶಕದ ಆರಂಭದಲ್ಲಿ ರಣಹದ್ದುಗಳನ್ನು ಎಣಿಸಲು ಹಣ ಕೇಳಿದ್ದರೆ ಯಾರಾದರೂ ನಗುತ್ತಿದ್ದರು. ಉತ್ತರ ಭಾರತದ ಪ್ರತಿ ಹೆಣದ ತಿಪ್ಪೆಯ ಮೇಲೂ ಅವು ಹಿಂಡುಹಿಂಡಾಗಿ ಕೂತಿರುತ್ತಿದ್ದವು. ಆದರೂ 1990ರಿಂದ 1993ರವರೆಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಹದ್ದು, ಗಿಡುಗಗಳ ಸಮೀಕ್ಷೆಗಾಗಿ ರಸ್ತೆಗಳಲ್ಲಿ ಸಂಚರಿಸುತ್ತ ಕಂಡದ್ದನ್ನು ಎಣಿಸಿಟ್ಟಿದ್ದರು. ರಾಜಸ್ಥಾನದ ಭರತಪುರದಲ್ಲಿ ಅದೇ ಸೊಸೈಟಿಯ ವಿಜ್ಞಾನಿ ವಿಭು ಪ್ರಕಾಶ್ ಅವರು ರಣಹದ್ದುಗಳು ಸಾಯುತ್ತಿರುವುದನ್ನು ಗಮನಿಸಿದ ಮೇಲೆ, 2000ದಲ್ಲಿ ಅದೇ ದಾರಿಗಳಲ್ಲಿ ಮತ್ತೆ ಎಣಿಸಿದಾಗ ಶೇಕಡ 90ಕ್ಕೂ ಹೆಚ್ಚು ಹಕ್ಕಿಗಳು ಕಾಣೆಯಾಗಿದ್ದವು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನ್ಯಾಕ್ ಎಂಬ ನೋವಿನ ಔಷಧವೇ ಕಾರಣವೆಂದು ಗೊತ್ತಾಗಿ, 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು ನಿಷೇಧಿಸಲಾಯಿತು. ಮೊದಲ ಎಣಿಕೆ ಇಲ್ಲದಿದ್ದರೆ ಎರಡನೆಯ ಎಣಿಕೆಗೆ ಅರ್ಥವೇ ಇರುತ್ತಿರಲಿಲ್ಲ. ರಾಮನಗರದ ರಾಮದೇವರ ಬೆಟ್ಟದ ಬಂಡೆಗಳ ಮೇಲೆ ಇಂದು ಬೆರಳೆಣಿಕೆಯ ರಣಹದ್ದುಗಳನ್ನು ನೋಡಲು ಹೋಗುವವರು ಆ ರಸ್ತೆಗಳ ಲೆಕ್ಕವನ್ನು ನೆನೆಯಬೇಕು.

ಈಗ ನಮ್ಮಲ್ಲಿ ಖರ್ಚನ್ನು ವಹಿಸುತ್ತಿರುವವರು ಯಾರು? ಬಹುಮಟ್ಟಿಗೆ ಎಣಿಸುವವರೇ. ಕೇರಳದ ಹಕ್ಕಿ ನಕಾಶೆಗಾಗಿ 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಮೊದಲೇ ಗೊತ್ತುಮಾಡಿದ ಚೌಕಗಳಿಗೆ ಬೇಸಿಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ ಹೋಗಿ ಸುಮಾರು 3 ಲಕ್ಷ ದಾಖಲೆಗಳನ್ನು ತಂದರು. ಅದಕ್ಕೂ ಸ್ವಲ್ಪ ಮುಂಚೆ, 2014ರಿಂದ 2016ರವರೆಗೆ, ನಮ್ಮ ಮೈಸೂರು ನಗರದ ಹಕ್ಕಿಗಳ ನಕಾಶೆಯೂ ಹೀಗೆಯೇ ಸಿದ್ಧವಾಯಿತು. 2023ರ 'ಭಾರತದ ಹಕ್ಕಿಗಳ ಸ್ಥಿತಿ' ವರದಿಯ ಹಿಂದೆ ಸುಮಾರು 30,000 ಹಕ್ಕಿ ವೀಕ್ಷಕರ 3 ಕೋಟಿ ದಾಖಲೆಗಳಿವೆ. ನಮ್ಮ ರಾಜ್ಯಪಕ್ಷಿಯಾದ ನೀಲಕಂಠ ಹನ್ನೆರಡು ವರ್ಷಗಳಲ್ಲಿ ಶೇಕಡ 30ರಷ್ಟು ಕಡಿಮೆಯಾಗಿದೆಯೆಂದು ಹೇಳಿದ್ದು ಈ ವರದಿಯೇ. ಆದರೆ ಅದೇ ವರದಿಯಲ್ಲಿ ನನ್ನ ಕಣ್ಣು ನಿಂತದ್ದು ಬೇರೊಂದು ಅಂಕಿಯ ಮೇಲೆ: ಪರಿಶೀಲಿಸಿದ 942 ಜಾತಿಗಳಲ್ಲಿ ದೀರ್ಘಕಾಲದ ಏರಿಳಿತವನ್ನು ಹೇಳಲು ಸಾಕಷ್ಟು ಮಾಹಿತಿಯಿದ್ದದ್ದು 338ಕ್ಕೆ ಮಾತ್ರ. ಸ್ವಂತ ಪೆಟ್ರೋಲಿನಲ್ಲಿ, ಸ್ವಂತ ರಜೆಯಲ್ಲಿ ಹೋಗುವವನು ತನಗೆ ಹತ್ತಿರವಾದ, ಹಕ್ಕಿ ಹೆಚ್ಚಿರುವ ಜಾಗಕ್ಕೇ ಹೋಗುತ್ತಾನೆ. ಬೆಂಗಳೂರಿನ ಸುತ್ತಲಿನ ಕೆರೆಗಳಿಗೆ ಪಟ್ಟಿಯ ಮೇಲೆ ಪಟ್ಟಿಗಳಿವೆ. ಯಾದಗಿರಿಯ ತೊಗರಿ ಹೊಲಗಳಿಗೆ ಹೋಗುವವರು ವಿರಳ. ಈ ಅಂತರವನ್ನು ತುಂಬಲಿಕ್ಕಾಗಿಯೇ ಸಾರ್ವಜನಿಕರ ಹಣ ಬೇಕಾಗಿರುವುದು.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣವಿದೆಯಲ್ಲ ಎಂದು ಕೇಳುವವರಿದ್ದಾರೆ. 2013ರ ಕಂಪನಿ ಕಾಯ್ದೆಯಂತೆ ನಿಗದಿತ ಗಾತ್ರದ ಕಂಪನಿಗಳು ಲಾಭದ ಶೇಕಡ 2ನ್ನು ಇಂಥ ಕೆಲಸಗಳಿಗೆ ಮೀಸಲಿಡಬೇಕು, ಸಸ್ಯ ಮತ್ತು ಪ್ರಾಣಿಗಳ ರಕ್ಷಣೆಯೂ ಆ ಪಟ್ಟಿಯಲ್ಲಿದೆ. ಆದರೆ ನಿಯಮಗಳ ಪ್ರಕಾರ 'ಮುಂದುವರಿಯುವ ಯೋಜನೆ' ಎಂದರೆ ಆರಂಭದ ವರ್ಷವನ್ನು ಬಿಟ್ಟು ಮೂರು ವರ್ಷದೊಳಗೆ ಮುಗಿಯುವಂಥದ್ದು. ಹಕ್ಕಿಗಳ ಗಣತಿಯಲ್ಲಿ ಮೂರು ವರ್ಷವೆಂದರೆ ಒಂದು ಬರ, ಒಂದು ಒಳ್ಳೆಯ ಮಳೆ, ಒಂದು ಸಾಧಾರಣ ವರ್ಷ. ಅಷ್ಟರಿಂದ ಏನನ್ನೂ ಹೇಳಲಾಗದು. ಒಮ್ಮೆ ಇಂಥ ಒಂದು ಕಂಪನಿಯ ಅಧಿಕಾರಿಗಳ ಮುಂದೆ ನಾವೂ ಕುಳಿತಿದ್ದೆವು. ಕೆರೆಯ ಏರಿಯ ಮೇಲೆ ಅವರ ಬ್ಯಾನರು ಕಟ್ಟಬಹುದೇ, ಗುಂಪಿನ ಫೋಟೊ ಎಲ್ಲಿ ತೆಗೆಯುವುದು ಎಂದೆಲ್ಲ ವಿಚಾರಿಸಿ, ಕೊನೆಗೆ ಒಬ್ಬರು "ಇದರಿಂದ ಎಷ್ಟು ಹಕ್ಕಿಗಳನ್ನ ಉಳಿಸಿದ ಹಾಗಾಗುತ್ತೆ ಸಾರ್?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಒಂದೂ ಇಲ್ಲ ಎಂದು ನಾನು ನಿಜ ಹೇಳಿದೆ; ಎಣಿಸುವುದರಿಂದ ಯಾವ ಹಕ್ಕಿಯೂ ನೇರವಾಗಿ ಉಳಿಯುವುದಿಲ್ಲ, ಯಾವುದು ಕಳೆದುಹೋಗುತ್ತಿದೆ ಎಂದು ತಡವಾಗುವ ಮುನ್ನ ತಿಳಿಯುತ್ತದೆ ಎಂದೆ. ಹಣ ಬರಲಿಲ್ಲ. ನನ್ನ ಜೊತೆಗಾರರು ಇಂದಿಗೂ ಆ ಉತ್ತರಕ್ಕಾಗಿ ನನ್ನನ್ನು ಛೇಡಿಸುತ್ತಾರೆ.

ಹಾಗಾಗಿ ಈ ವರ್ಷ ನಮ್ಮ ವಂತಿಗೆಯ ಪುಸ್ತಕದ ತಲೆಬರಹವನ್ನು ಬದಲಿಸಿದ್ದೇವೆ. ಜಾತಿಗೆ ಇಷ್ಟು ಎಂಬ ಕಲಮು ಹೋಗಿದೆ. ಅದರ ಜಾಗದಲ್ಲಿ 'ಒಂದು ಚೌಕಕ್ಕೆ, ಒಂದು ಬೆಳಗಿಗೆ' ಎಂಬ ಕಲಮು ಬಂದಿದೆ. ಹಕ್ಕಿ ಎಷ್ಟೇ ಕಂಡರೂ, ಕಾಣದಿದ್ದರೂ ಹಣ ಅಷ್ಟೇ. ಹೋಗಿಬರುವ ಬಸ್ಸು ಅಥವಾ ಬೈಕಿನ ಖರ್ಚು, ಇಬ್ಬರ ತಿಂಡಿ, ಊರಿನ ಮೇಷ್ಟ್ರೊಬ್ಬರು ನಮ್ಮ ಪರವಾಗಿ ಎಣಿಸಿದರೆ ಅವರ ಫೋನಿನ ಡೇಟಾ ಇಷ್ಟನ್ನೂ ಸೇರಿಸಿದರೆ ಒಂದು ಬೆಳಗಿಗೆ 600 ರೂಪಾಯಿ ಆಗುತ್ತದೆ. ಒಬ್ಬರು ಒಂದೇ ಚೌಕವನ್ನು ಕನಿಷ್ಠ ಐದು ವರ್ಷ ವಹಿಸಿಕೊಳ್ಳಬೇಕೆಂಬುದು ಎರಡನೆಯ ಷರತ್ತು, ಚೌಕವನ್ನು ಕೊಡುವವರು ಆರಿಸುವಂತಿಲ್ಲವೆಂಬುದು ಮೂರನೆಯದು. ಚೀಟಿ ಎತ್ತಿ ಹಂಚುತ್ತೇವೆ. ಬಣ್ಣದ ಕೊಕ್ಕರೆಗಳ ಊರನ್ನೇ ಬಯಸಿದ್ದ ಇಬ್ಬರು ಹಿಂದೆ ಸರಿದರು. ವರ್ಷಕ್ಕೊಮ್ಮೆ ಪ್ರತಿಯೊಬ್ಬ ದಾನಿಗೂ ಅವರ ಚೌಕದ ಪಟ್ಟಿಯನ್ನು, ಹಿಂದಿನ ವರ್ಷಗಳ ಪಟ್ಟಿಯ ಪಕ್ಕದಲ್ಲಿಟ್ಟು, ಅಂಚೆಯಲ್ಲಿ ಕಳುಹಿಸುತ್ತೇವೆ.

ಭಾವನವರ ಪಾಲಿಗೆ ಚೀಟಿಯಲ್ಲಿ ಬಂದದ್ದು ಅದೇ ಒಣಗಿದ ಕೆರೆ. ಮೊದಲು ಸ್ವಲ್ಪ ಗೊಣಗಿದರು. ಕಳೆದ ವಾರ ಫೋನ್ ಮಾಡಿದವರು ಈ ಸಲ ಹಕ್ಕಿಯ ವಿಷಯವನ್ನೇ ಕೇಳಲಿಲ್ಲ. ಆ ಕೆರೆಗೆ ನೀರು ತರುತ್ತಿದ್ದ ರಾಜಕಾಲುವೆ ಎಲ್ಲಿ ಮುಚ್ಚಿಹೋಗಿದೆ, ಯಾವ ಸರ್ವೆ ನಂಬರಿನಲ್ಲಿ, ಎಂದು ಕೇಳಿದರು.